ಇರುಳಿನ ಚಿಂತೆಗೊಂದು ಎಲ್ಲೆ

ಹಗಲಿನ ಚಿಂತೆಗೆ ಒಂದು ದಾರಿಯಿರುತ್ತದೆ. ಸಾಲದ ಯೋಚನೆ ಬಂದರೆ ಬ್ಯಾಂಕಿಗೆ ಹೋಗಿ ಬರಬಹುದು. ಮಗಳ ಓದಿನ ಯೋಚನೆ ಬಂದರೆ ಅವಳ ಶಿಕ್ಷಕರನ್ನು ಕಾಣಬಹುದು. ನಡುರಾತ್ರಿ ಬರುವ ಚಿಂತೆಗೆ ಆ ದಾರಿಯಿಲ್ಲ. ಬ್ಯಾಂಕಿನ ಬಾಗಿಲು ಮುಚ್ಚಿದೆ, ಶಿಕ್ಷಕರು ನಿದ್ರಿಸುತ್ತಿದ್ದಾರೆ, ಮನಸ್ಸು ಮಾತ್ರ ಎದ್ದು ಕುಳಿತಿದೆ. ಮಾಡಲು ಏನೂ ಇಲ್ಲದ ಹೊತ್ತಿನಲ್ಲಿ ಎಲ್ಲವನ್ನೂ ಮಾಡಬೇಕೆಂದು ಅದು ಹಟ ಹಿಡಿಯುತ್ತದೆ.

ಈ ಸಂಕಟ ಇಂದು ಯಾವ ಮನೆಯನ್ನೂ ಬಿಟ್ಟಿಲ್ಲ. ಕಲಬುರಗಿಯ ಗಂಜ್‌ನ ವರ್ತಕನಿಗೆ ಕೊಂಡಿಟ್ಟ ತೊಗರಿಯ ದರ ಕುಸಿದೀತೆಂಬ ಭಯ. ತೊಗರಿ ಬೆಳೆದ ರೈತನಿಗೆ ಹೂ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟೀತೆಂಬ, ನೆಟೆರೋಗ ಹೊಲವನ್ನೇ ಒಣಗಿಸೀತೆಂಬ ಭಯ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಹೆಸರು ದೂರದೂರಿಗೆ ತಲುಪಿದೆ. ಆದರೆ ಗೊನೆ ಹೊತ್ತು ನಿಂತ ಗಿಡಗಳ ಮೇಲೆ ಬಿರುಗಾಳಿ ಎರಗೀತೆಂದು ಎಚ್ಚರವಿರುವ ಬೆಳೆಗಾರನಿಗೆ ಆ ಮಾನ್ಯತೆ ನಿದ್ರೆ ತಂದುಕೊಡದು. ದುಡಿಯಲು ಬೆಂಗಳೂರಿಗೋ ಪುಣೆಗೋ ಹೋದ ಮಗನ ಫೋನು ಬಾರದ ರಾತ್ರಿ ತಾಯಿ ಹಾಸಿಗೆಯಲ್ಲಿ ಹೊರಳುತ್ತಾಳೆ.

ಇಂಥವರಿಗೆ ನಾವು ಸಾಮಾನ್ಯವಾಗಿ ಎರಡು ಮಾತು ಹೇಳುತ್ತೇವೆ. ಒಂದು, ‘ಚಿಂತೆ ಬಿಡಿ’. ಇನ್ನೊಂದು, ‘ಎಲ್ಲವೂ ಕರ್ಮಫಲ’. ಮೊದಲನೆಯದು ಸಾಧ್ಯವಾಗದ ಉಪದೇಶ. ಎರಡನೆಯದು ಅರ್ಧ ಸತ್ಯ. ಜಿನಾಗಮವು ಇವೆರಡಕ್ಕಿಂತ ಸೂಕ್ಷ್ಮವಾದ, ಬಳಕೆಗೆ ಬರುವ ದಾರಿಯೊಂದನ್ನು ತೋರಿಸಿದೆ. ಅದನ್ನು ನಾವು ಸಾಕಷ್ಟು ಬಳಸುತ್ತಿಲ್ಲವೆಂಬುದೇ ಈ ಲೇಖನದ ಕೊರಗು.

ನಿದ್ರೆಗೆಡಿಸುವ ಚಿಂತೆಗೆ ನಮ್ಮ ಆಚಾರ್ಯರು ಕೊಟ್ಟ ಹೆಸರು ಆರ್ತಧ್ಯಾನ. ಆರ್ತವೆಂದರೆ ನೋವಿನಿಂದ ಹುಟ್ಟಿದ್ದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಅದನ್ನು ನಾಲ್ಕಾಗಿ ವಿಂಗಡಿಸುತ್ತದೆ. ಬೇಡದ್ದು ಬಂದು ಅಂಟಿಕೊಂಡಿದೆ, ಅದು ತೊಲಗುವುದೆಂದು ಎಂಬ ಹಂಬಲ ಅನಿಷ್ಟಸಂಯೋಗಜ. ಸಾಲಗಾರರ ನೋಟಿಸು ಬಂದ ರಾತ್ರಿಯ ಚಿಂತೆ ಇದು. ಪ್ರಿಯವಾದದ್ದು ದೂರವಾಯಿತು, ಅದು ಮರಳಿ ಬರುವುದೆಂದು ಎಂಬ ತಳಮಳ ಇಷ್ಟವಿಯೋಗಜ. ಸಂಗಾತಿಯನ್ನು ಕಳೆದುಕೊಂಡವರ, ದೂರದ ಮಕ್ಕಳನ್ನು ನೆನೆಯುವವರ ಇರುಳು ಇದು. ದೇಹದ ನೋವನ್ನೇ ಮತ್ತೆ ಮತ್ತೆ ನೆನೆಯುವುದು ವೇದನಾಜನ್ಯ. ಮುಂದೆ ದೊರೆಯಬೇಕಾದ ಭೋಗಕ್ಕಾಗಿ ಈಗಲೇ ತವಕಿಸುವುದು ನಿದಾನ. ನಮ್ಮ ಯಾವುದೇ ರಾತ್ರಿಯ ಚಿಂತೆಯನ್ನು ತೆಗೆದು ನೋಡಿದರೂ ಅದು ಈ ನಾಲ್ಕು ಮನೆಗಳಲ್ಲಿ ಒಂದರಲ್ಲಿ ಕುಳಿತಿರುತ್ತದೆ. ಹೆಸರಿಲ್ಲದ ಭಯ ದೊಡ್ಡದಾಗಿ ಕಾಣುತ್ತದೆ. ಹೆಸರು ಹಿಡಿದು ಕರೆದಾಗ ಅದರ ಗಾತ್ರ ತಿಳಿಯುತ್ತದೆ. ಎಚ್ಚರವಾದ ಕೂಡಲೇ ‘ಇದು ಯಾವ ಆರ್ತ?’ ಎಂದು ಕೇಳಿಕೊಳ್ಳುವುದೇ ಸಾಧನೆಯ ಮೊದಲ ಮೆಟ್ಟಿಲು.

ಆರ್ತಧ್ಯಾನವು ತಿರ್ಯಂಚಗತಿಗೆ ಕಾರಣವೆಂದು ಪ್ರವಚನಗಳಲ್ಲಿ ಕೇಳುತ್ತೇವೆ. ಶಾಸ್ತ್ರದ ಮಾತು ಸರಿಯೇ. ಆದರೆ ನಿದ್ರೆಯಿಲ್ಲದೆ ನಲುಗಿದವನ ಮುಂದೆ ಅದನ್ನಷ್ಟೇ ಹೇಳಿದರೆ ಅವನ ಚಿಂತೆಗಳ ಸಾಲಿಗೆ ಇನ್ನೊಂದು ಸೇರುತ್ತದೆ. ಅದೇ ಅಧ್ಯಾಯ ಹೇಳುವ ಮತ್ತೊಂದು ಮಾತನ್ನೂ ಅವನಿಗೆ ತಿಳಿಸಬೇಕು: ಆರ್ತಧ್ಯಾನವು ವ್ರತವಿಲ್ಲದವರಿಗೂ, ಅಣುವ್ರತಿಗಳಾದ ಶ್ರಾವಕರಿಗೂ, ಪ್ರಮತ್ತಸಂಯತರಾದ ಮುನಿಗಳಿಗೂ ಉಂಟಾಗಬಲ್ಲದು. ಮುನಿಗಳಿಗೆ ನಿದಾನವೊಂದಿರದು, ಉಳಿದ ಮೂರು ತಲೆದೋರಬಹುದು. ಸರ್ವಸಂಗ ಪರಿತ್ಯಾಗ ಮಾಡಿದವರಲ್ಲೂ ಏಳಬಹುದಾದ ಅಲೆ, ಸಂಸಾರ ಹೊತ್ತ ನಮ್ಮಲ್ಲಿ ಎದ್ದರೆ ಅದಕ್ಕೆ ನಾಚಬೇಕಾಗಿಲ್ಲ.

ಆ ಹೆಸರಿನಲ್ಲಿಯೇ ಇನ್ನೊಂದು ಸಮಾಧಾನವೂ ಅಡಗಿದೆ. ಆಚಾರ್ಯರು ಇದನ್ನು ಬರಿಯ ದುಃಖವೆನ್ನಲಿಲ್ಲ, ಧ್ಯಾನವೆಂದರು. ಚಿಂತೆಯನ್ನು ಒಂದೇ ವಿಷಯದ ಮೇಲೆ ನಿಲ್ಲಿಸುವುದೇ ಧ್ಯಾನದ ಲಕ್ಷಣ. ‘ನನಗೆ ಜಪದಲ್ಲಿ ಮನಸ್ಸು ನಿಲ್ಲದು’ ಎನ್ನುವವನೇ ರಾತ್ರಿ ಎರಡು ಗಂಟೆಗೆ ಒಂದೇ ಸಾಲದ ಲೆಕ್ಕವನ್ನು ನೂರು ಸಲ ಕೂಡಿಸಿ ಕಳೆಯುತ್ತಾನೆ. ಅವನಲ್ಲಿ ಏಕಾಗ್ರತೆಯ ಕೊರತೆಯಿಲ್ಲ. ಅದು ನಿಂತ ನೆಲ ಸರಿಯಿಲ್ಲ, ಅಷ್ಟೆ. ಮನಸ್ಸನ್ನು ಬರಿದು ಮಾಡಲು ಜೈನ ಸಾಧನೆ ಯಾರಿಗೂ ಹೇಳುವುದಿಲ್ಲ. ಆರ್ತ ರೌದ್ರಗಳ ನೆಲದಿಂದ ಅದನ್ನು ಧರ್ಮ್ಯಧ್ಯಾನದ ನೆಲಕ್ಕೆ ಕರೆತರಲು ಹೇಳುತ್ತದೆ. ಒಂದೇ ವಿಷಯದಲ್ಲಿ ಚಿತ್ತ ನಿಲ್ಲುವುದು ಹೆಚ್ಚೆಂದರೆ ಅಂತರ್ಮುಹೂರ್ತ ಕಾಲ, ಅಂದರೆ 48 ನಿಮಿಷಗಳೊಳಗೆ, ಎಂಬುದೂ ಶಾಸ್ತ್ರದ ಮಾತು. ರಾತ್ರಿಯಿಡೀ ಒಂದೇ ಚಿಂತೆ ಕಾಡಿತೆಂದು ನಮಗೆ ಅನಿಸಿದರೂ ಅದು ನಡುನಡುವೆ ಕಡಿದು ಮತ್ತೆ ಹೊತ್ತಿಕೊಂಡಿರುತ್ತದೆ. ಆ ಕಡಿದ ಜಾಗದಲ್ಲಿಯೇ ಸಂವರಕ್ಕೆ ಅವಕಾಶ.

ಆ ಜಾಗದಲ್ಲಿ ಏನು ಮಾಡಬೇಕು? ಇಲ್ಲಿ ನನಗೆ ನೆನಪಾಗುವುದು ಶ್ರಾವಕರ ಹನ್ನೆರಡು ವ್ರತಗಳಲ್ಲಿ ಹೆಚ್ಚು ಚರ್ಚೆಗೆ ಬಾರದ ದೇಶಾವಕಾಶಿಕ ವ್ರತ. ದಿಗ್ವ್ರತದಲ್ಲಿ ಜೀವಮಾನಕ್ಕೆ ಹಾಕಿಕೊಂಡ ದೊಡ್ಡ ಎಲ್ಲೆಯನ್ನು ಒಂದು ಗೊತ್ತಾದ ಕಾಲಕ್ಕೆ ಇನ್ನಷ್ಟು ಕಿರಿದಾಗಿಸುವುದೇ ಈ ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ವಿವರಿಸುತ್ತ, ಮನೆ, ಊರು, ಹೊಲ, ನದಿ, ಕಾಡು ಮುಂತಾದವನ್ನು ಗಡಿಯಾಗಿ ಇಟ್ಟುಕೊಳ್ಳಬಹುದೆನ್ನುತ್ತಾರೆ. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ, ‘ಈ ಪಕ್ಷ ಮುಗಿಯುವವರೆಗೆ ಕಾಗಿಣಾ ನದಿ ದಾಟುವುದಿಲ್ಲ’ ಎಂದೋ, ‘ನಾಳೆ ಬೆಳಗಿನವರೆಗೆ ಮನೆಯ ಹೊಸ್ತಿಲು ದಾಟುವುದಿಲ್ಲ’ ಎಂದೋ ನಿಶ್ಚಯಿಸುವುದು. ಆ ಎಲ್ಲೆಯಾಚೆಗಿನ ಸ್ಥೂಲ ಸೂಕ್ಷ್ಮ ಪಾಪಗಳೆಲ್ಲವೂ ಆ ಹೊತ್ತಿಗೆ ಬಿಟ್ಟುಹೋಗುವುದರಿಂದ, ಅಷ್ಟರ ಮಟ್ಟಿಗೆ ಗೃಹಸ್ಥನಿಗೂ ಮಹಾವ್ರತ ಸಾಧಿಸಿದಂತಾಗುತ್ತದೆ ಎಂಬುದು ಆಚಾರ್ಯರ ಅಭಿಪ್ರಾಯ.

ಶಾಸ್ತ್ರವು ಇದನ್ನು ಹೋಗಿಬರುವ ನೆಲಕ್ಕೆ ಹೇಳಿದೆ. ಇದನ್ನು ಇರುಳಿನ ಮನಸ್ಸಿಗೂ ಅನ್ವಯಿಸಬೇಕೆಂಬುದು ನನ್ನ ವಾದ. ಮನ, ವಚನ, ಕಾಯಗಳು ಮೂರರಿಂದಲೂ ವ್ರತ ಹಿಡಿಯುವುದು ನಮ್ಮ ಪದ್ಧತಿ. ಕಾಯವು ಕೋಣೆಯೊಳಗೆ ಮಲಗಿದ್ದು, ಮನಸ್ಸು ಗಂಜ್‌ಗೂ ಕೋರ್ಟಿಗೂ ಬಾಳೆಯ ತೋಟಕ್ಕೂ ಅಲೆಯುತ್ತಿದ್ದರೆ ಎಲ್ಲೆಯು ಅರ್ಧವಷ್ಟೇ ಉಳಿದಂತೆ. ಮಲಗುವ ಮುನ್ನ ಹೀಗೆ ಸಂಕಲ್ಪಿಸಬಹುದು: ‘ಈ ಹೊತ್ತಿನಿಂದ ಸೂರ್ಯೋದಯದವರೆಗೆ ಈ ಮನೆಯೇ ನನ್ನ ಕ್ಷೇತ್ರ. ಇದರಾಚೆಗಿನ ಕೊಡುಕೊಳೆ, ಜಗಳ, ಲಾಭ, ನಷ್ಟಗಳಲ್ಲಿ ಬೆಳಗಿನವರೆಗೆ ನನಗೆ ಪ್ರವೇಶವಿಲ್ಲ.’ ಮನೆಯವರು ಆಸ್ಪತ್ರೆಯಲ್ಲಿದ್ದಾಗ, ದೂರದ ಪಯಣದಲ್ಲಿದ್ದಾಗ ವ್ರತ ಹಿಡಿಯುವಾಗಲೇ ಅಷ್ಟಕ್ಕೆ ವಿನಾಯಿತಿ ಇಟ್ಟುಕೊಳ್ಳಲಿ.

ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಇಂದು ಓದಿದರೆ ಬೆರಗಾಗುತ್ತದೆ. ಎಲ್ಲೆಯೊಳಗೇ ಕುಳಿತು ಆಚೆಯಿಂದ ವಸ್ತು ತರಿಸಿಕೊಳ್ಳುವುದು ಆನಯನ. ಮತ್ತೊಬ್ಬರನ್ನು ಆಚೆಗೆ ಕಳುಹಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿ, ಕೂಗಿ ಆಚೆಯವರಿಗೆ ಸೂಚನೆ ಕೊಡುವುದು ಶಬ್ದಾನುಪಾತ. ತನ್ನ ರೂಪ ತೋರಿಸಿ ಸನ್ನೆ ಮಾಡುವುದು ರೂಪಾನುಪಾತ. ಕಲ್ಲು ಮಣ್ಣು ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ಈ ಐದನ್ನೂ ಹಾಸಿಗೆ ಬಿಡದೆಯೇ ಮಾಡಿಸುವ ಒಂದು ವಸ್ತು ನಮ್ಮ ದಿಂಬಿನ ಪಕ್ಕದಲ್ಲಿದೆ. ನಡುರಾತ್ರಿ ಮೊಬೈಲಿನಲ್ಲಿ ಸಾಮಾನು ತರಿಸಲು ಆರ್ಡರ್ ಹಾಕುವುದು, ಕೆಲಸದವನಿಗೆ ಸಂದೇಶ ಕಳುಹಿಸುವುದು, ಸ್ಟೇಟಸ್‌ಗೆ ಚಿತ್ರ ಏರಿಸಿ ಯಾರು ನೋಡಿದರೆಂದು ಎಣಿಸುವುದು, ಗುಂಪಿನಲ್ಲಿ ಒಂದು ಮಾತೆಸೆದು ಉತ್ತರಕ್ಕೆ ಕಾಯುವುದು ಇವೆಲ್ಲ ಎಲ್ಲೆ ಮುರಿಯುವ ಹಳೆಯ ಬಗೆಗಳೇ. ದೇಹ ಹೊಸ್ತಿಲೊಳಗಿದ್ದರೂ ವ್ರತ ಹೊರಗೆ ಹೋಗಿರುತ್ತದೆ. ರಾತ್ರಿಭೋಜನವನ್ನು ಬಿಟ್ಟ ಮನೆಗಳು ರಾತ್ರಿಯ ಮೊಬೈಲನ್ನೂ ಬಿಡಬಲ್ಲವು. ಸೂರ್ಯಾಸ್ತದ ನಂತರ ಹೊಟ್ಟೆಗೆ ವಿಶ್ರಾಂತಿ ಕೊಡುವ ನಾವು ಕಣ್ಣಿಗೂ ಮನಸ್ಸಿಗೂ ಅದನ್ನು ಕೊಡುವುದು ಕಷ್ಟವಾಗಬಾರದು.

ಇದು ಹೊಣೆಯಿಂದ ನುಣುಚಿಕೊಳ್ಳುವ ಉಪಾಯವಲ್ಲವೇ ಎಂದು ಕೇಳಬಹುದು. ಸಾಲ ಮಾಡಿದವನು ಚಿಂತಿಸದಿದ್ದರೆ ತೀರಿಸುವವರಾರು? ಉತ್ತರ ಅನರ್ಥದಂಡ ವಿರತಿಯಲ್ಲಿದೆ. ಪ್ರಯೋಜನವಿಲ್ಲದ ಹಿಂಸೆಗಳನ್ನು ಎಣಿಸುವಾಗ ಆಚಾರ್ಯರು ಅಪಧ್ಯಾನವನ್ನೂ, ಅಂದರೆ ಕೆಟ್ಟ ಚಿಂತನೆಯನ್ನೂ ಸೇರಿಸಿದರು. ಯಾವ ಯೋಚನೆಯಿಂದ ಸೂರ್ಯೋದಯಕ್ಕೆ ಮುನ್ನ ಒಂದು ಕಡ್ಡಿಯೂ ಅಲುಗದೋ, ಆದರೆ ಯೋಚಿಸುವ ಜೀವ ಮಾತ್ರ ಬೇಯುವುದೋ ಅದು ಅರ್ಥವಿಲ್ಲದ ದಂಡನೆ. ಅಹಿಂಸೆಯನ್ನು ಪರಮಧರ್ಮವೆನ್ನುವ ನಾವು ಇರುವೆಗೆ ತೋರುವ ದಯೆಯನ್ನು ನಮ್ಮ ಜೀವಕ್ಕೆ ತೋರದಿರುವುದು ಸರಿಯೇ? ಸಾಲದ ಬಗೆಗೆ ಬೆಳಿಗ್ಗೆ ಹತ್ತಕ್ಕೆ ಕುಳಿತು ಒಂದು ತಾಸು ಲೆಕ್ಕ ಹಾಕುವುದು ಪುರುಷಾರ್ಥ. ಅದೇ ಲೆಕ್ಕವನ್ನು ಕತ್ತಲಲ್ಲಿ ನಾಲ್ಕು ತಾಸು ಹಾಕುವುದು ಮರುದಿನದ ಪುರುಷಾರ್ಥವನ್ನೂ ಕೆಡಿಸುತ್ತದೆ.

ಎಲ್ಲೆಯನ್ನು ಯಾರ ಸುತ್ತ ಹಾಕಬೇಕೆಂಬುದರಲ್ಲೂ ವಿವೇಕ ಬೇಕು. ವಡ್ಡಾರಾಧನೆಯ ಮೊದಲ ಕಥೆ ಸುಕುಮಾರಸ್ವಾಮಿಯದು. ಮಗನು ಮುನಿಗಳನ್ನು ಕಂಡೊಡನೆ ದೀಕ್ಷೆ ಪಡೆಯುವನೆಂಬ ಭವಿಷ್ಯ ಕೇಳಿದ ತಾಯಿ ಯಶೋಭದ್ರೆ, ಮುನಿಗಳು ಮನೆಗೆ ಬಾರದಂತೆ ಕಟ್ಟುಮಾಡುತ್ತಾಳೆ. ಮಹಡಿಮನೆಗಳಲ್ಲಿ ಮಗನನ್ನು ಸಕಲ ಸುಖದೊಳಗೆ ಮುಚ್ಚಿಡುತ್ತಾಳೆ. ಆದರೆ ಒಂದು ಇರುಳು ಮನೆಯ ಬಳಿಯಲ್ಲೇ ಮುನಿಗಳು ಪಠಿಸುತ್ತಿದ್ದ ದನಿ ಗೋಡೆ ದಾಟಿ ಬರುತ್ತದೆ. ಸುಕುಮಾರನಿಗೆ ಹಿಂದಿನ ಭವದ ನೆನಪಾಗುತ್ತದೆ; ಅವನು ಮಹಡಿಯಿಂದ ಇಳಿದು ಹೊರಟುಹೋಗುತ್ತಾನೆ. ಆ ತಾಯಿಯ ಪ್ರೀತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವಳು ಗೋಡೆ ಕಟ್ಟಿದ್ದು ಮಗನ ಸುತ್ತ, ತನ್ನ ಭಯದ ಸುತ್ತ ಅಲ್ಲ. ನಾವು ಮಾಡುವುದೂ ಇದನ್ನೇ. ರಾತ್ರಿ ಹನ್ನೊಂದಕ್ಕೆ ಮಗನಿಗೆ ನಾಲ್ಕನೆಯ ಸಲ ಫೋನು ಮಾಡಿದರೆ ನಮ್ಮ ಭಯವನ್ನು ಅವನ ಸುತ್ತ ಕಟ್ಟಿದಂತೆ. ಮತ್ತೊಂದು ಜೀವದ ಕರ್ಮೋದಯವನ್ನು ನಮ್ಮ ಎಚ್ಚರದಿಂದ ತಡೆಯಲಾಗದು. ಅನ್ಯತ್ವಾನುಪ್ರೇಕ್ಷೆ ನೆನಪಿಸುವುದು ಇದನ್ನೇ: ಆತನು ನನಗೆ ಪ್ರಿಯ, ಆದರೆ ಆತನ ಜೀವನ ನನ್ನ ಸೊತ್ತಲ್ಲ.

ರಾತ್ರಿ ನಿದ್ರೆಗೆಡಿಸುವ ಇನ್ನೊಂದು ದೊಡ್ಡ ಭಾರವೆಂದರೆ ಮುಗಿಯದೆ ಉಳಿದ ಕೆಲಸ. ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕಲಬುರಗಿಯಿಂದ ಸೇಡಂ ಕಡೆಗೆ ಸುಮಾರು 40 ಕಿ.ಮೀ. ಸಾಗಿದರೆ ಕಾಗಿಣಾ ದಂಡೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ನಡೆದ ಸಂಗತಿಯಿದು. ವೀರಸೇನಾಚಾರ್ಯರು ಕಷಾಯಪಾಹುಡದ ಮೇಲೆ ಜಯಧವಳಾ ಟೀಕೆಯನ್ನು ಬರೆಯಲು ತೊಡಗಿ, 20,000 ಶ್ಲೋಕ ಪ್ರಮಾಣದಷ್ಟು ಬರೆದು ದೇಹ ಬಿಟ್ಟರು. ಕೆಲಸದ ಮೂರನೆಯ ಒಂದು ಭಾಗವಷ್ಟೇ ಆಗಿತ್ತು. ಉಳಿದ 40,000ವನ್ನು ಬರೆದು ಕ್ರಿ.ಶ. 837ರಲ್ಲಿ ಮುಗಿಸಿದವರು ಶಿಷ್ಯ ಜಿನಸೇನಾಚಾರ್ಯರು. ಅಮೋಘವರ್ಷನು ಗುರುವೆಂದು ನಮಿಸಿದ್ದು ಇವರನ್ನೇ. ಮುಂದೆ ಜಿನಸೇನರು ಸ್ವತಃ ಆದಿಪುರಾಣವನ್ನು ಕೈಗೆತ್ತಿಕೊಂಡರು. ನಲವತ್ತೆರಡು ಪರ್ವಗಳು ಮುಗಿದು ನಲವತ್ತಮೂರನೆಯದರಲ್ಲಿ ಮೂರು ಶ್ಲೋಕಗಳಾಗುವಷ್ಟರಲ್ಲಿ ಅವರೂ ನಿಂತರು. ಅದನ್ನು ಪೂರ್ಣಗೊಳಿಸಿ, ಉತ್ತರಪುರಾಣವನ್ನೂ ಬರೆದವರು ಅವರ ಶಿಷ್ಯ ಗುಣಭದ್ರಾಚಾರ್ಯರು.

ಗುರುವಿನ ಅಪೂರ್ಣವನ್ನು ತುಂಬಿದವರೇ ತಮ್ಮದನ್ನು ಅಪೂರ್ಣವಾಗಿ ಬಿಟ್ಟರು. ಆದರೂ ಆ ಗ್ರಂಥಗಳಿಗೆ ಕುಂದು ಬರಲಿಲ್ಲ. ಜಯಧವಳದ ತಾಡಪತ್ರಗಳು ಮೂಡುಬಿದಿರೆಯಲ್ಲಿ ಉಳಿದುಬಂದವು. ಜಿನಸೇನರ ಆದಿಪುರಾಣ ನಮ್ಮ ಪಂಪನ ಕನ್ನಡ ಆದಿಪುರಾಣಕ್ಕೆ ಆಕರವಾಯಿತು. ಎಲ್ಲವೂ ನನ್ನಿಂದಲೇ, ಅದೂ ಈ ರಾತ್ರಿಯೇ ಮುಗಿಯಬೇಕೆಂಬ ಭಾವದಲ್ಲಿ ಜವಾಬ್ದಾರಿಯ ಜೊತೆಗೆ ಕರ್ತೃತ್ವದ ಅಹಂಕಾರವೂ ಸ್ವಲ್ಪ ಬೆರೆತಿದೆ. ಮಾನಕಷಾಯವು ಚಿಂತೆಯ ವೇಷದಲ್ಲಿಯೂ ಬರಬಲ್ಲದು. ಈ ಆದಿಪುರಾಣದಲ್ಲಿ ಧ್ಯಾನದ ವಿವೇಚನೆಗೆಂದೇ ಒಂದು ಪರ್ವವಿದೆ. ಧ್ಯಾನವನ್ನು ಅಷ್ಟು ವಿವರವಾಗಿ ಬರೆದವರ ಕೃತಿಯೇ ಅಪೂರ್ಣವಾಗಿ ನಿಂತು, ಇನ್ನೊಂದು ಕೈಯಿಂದ ಪೂರ್ಣವಾಯಿತೆಂಬುದು ನಮಗೆ ಪಾಠವಾಗಬೇಕು.

ಆಚರಣೆಯ ಕ್ರಮ ಸರಳವಾಗಿದೆ. ಮಲಗುವ ಮುನ್ನ ಪ್ರತಿಕ್ರಮಣ. ಅಂಗಡಿಯವರು ದಿನದ ಕಿರ್ದಿಯಲ್ಲಿ ಬಂದದ್ದು, ಹೋದದ್ದು ಬರೆದು, ಆಖೈರು ಶಿಲ್ಕು ತೆಗೆದು ಪುಸ್ತಕ ಮುಚ್ಚುತ್ತಾರೆ. ಉಳಿಕೆ ನಾಳೆಯ ಪುಟಕ್ಕೆ ಹೋಗುತ್ತದೆ; ರಾತ್ರಿಯಿಡೀ ಯಾರೂ ಆ ಪುಟವನ್ನು ಓದುತ್ತ ಕೂರುವುದಿಲ್ಲ. ಪ್ರತಿಕ್ರಮಣವೂ ಹಾಗೆ: ಆದ ತಪ್ಪನ್ನು ಒಪ್ಪಿ, ಸಕಲ ಜೀವಗಳ ಕ್ಷಮೆ ಬೇಡಿ, ಪುಸ್ತಕ ಮುಚ್ಚುವುದು. ನಾಳೆ ಮಾಡಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದು ದೇವರ ಮನೆಯ ಹೊರಗಿಡಿ. ಮೊಬೈಲನ್ನು ಮತ್ತೊಂದು ಕೋಣೆಯಲ್ಲಿ ಬಿಡಿ. ಸೂರ್ಯೋದಯದವರೆಗಿನ ಎಲ್ಲೆಯನ್ನು ಸಂಕಲ್ಪಿಸಿ. ನಡುರಾತ್ರಿ ಎಚ್ಚರವಾದರೆ ಎದ್ದು ಕುಳಿತು, ಅಶಕ್ತರು ಮಲಗಿದಲ್ಲೇ, ಕಾಯೋತ್ಸರ್ಗ ಮಾಡಿ: ಒಂದು ಣಮೋಕಾರಕ್ಕೆ ಮೂರು ಉಸಿರು, ಒಂಬತ್ತು ಣಮೋಕಾರಕ್ಕೆ ಇಪ್ಪತ್ತೇಳು ಉಸಿರು. ನಡುವೆ ಚಿಂತೆ ನುಗ್ಗಿದರೆ ‘ಇದು ಎಲ್ಲೆಯಾಚೆಗಿನದು, ಬೆಳಿಗ್ಗೆ ಬಾ’ ಎಂದು ಮತ್ತೆ ಮೊದಲಿನಿಂದ ಎಣಿಸಿ. ಹತ್ತು ಸಲ ತಪ್ಪಿದರೂ ವ್ರತ ಮುರಿಯಿತೆಂದು ಅಳುಕಬೇಡಿ. ಅತಿಚಾರಕ್ಕೆ ಪರಿಹಾರವಿದೆ, ಮರುದಿನದ ಪ್ರತಿಕ್ರಮಣವಿದೆ.

‘ಎಲ್ಲವೂ ಕರ್ಮಫಲ’ ಎಂಬ ಮಾತಿಗೆ ಮತ್ತೆ ಬರೋಣ. ಕರ್ಮದ ಉದಯವನ್ನು ಮಾತ್ರ ಹೇಳಿ ಸಂವರ, ನಿರ್ಜರೆಗಳನ್ನು ಹೇಳದಿದ್ದರೆ ಅದು ಜಿನವಾಣಿಯಾಗದು. ಧರ್ಮ್ಯಧ್ಯಾನದ ವಿಪಾಕವಿಚಯವು ಕರ್ಮ ಹೇಗೆ ಫಲಿಸುತ್ತದೆಂದು ನೋಡಲು ಕಲಿಸುತ್ತದೆ. ಅಪಾಯವಿಚಯವು ಜೀವಗಳು ಇದರಿಂದ ಬಿಡುಗಡೆ ಹೊಂದುವ ಬಗೆಯನ್ನು ಯೋಚಿಸಲು ಕಲಿಸುತ್ತದೆ. ಬಿಡುಗಡೆಯ ಬಗೆಗಳಲ್ಲಿ ವೈದ್ಯರೂ ಒಬ್ಬರು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ, ಊಟ ಸೇರದಿದ್ದರೆ ಅದು ರೋಗವಾಗಿರಬಹುದು. ಜಪ ಸಾಲದೆಂದು ಅದರ ಅರ್ಥವಲ್ಲ. ಔಷಧವೂ ಬೇಕೆಂದು ಅರ್ಥ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಇರಿಸಿದ ಧರ್ಮವು ಔಷಧ ಪಡೆಯುವುದನ್ನು ಹೇಗೆ ಹೀನವೆಂದೀತು? ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಉಚಿತವಾಗಿ ಆಪ್ತಸಲಹೆ ದೊರೆಯುತ್ತದೆ. ಆ ಕರೆ ನಾವು ಹಾಕಿಕೊಂಡ ಎಲ್ಲೆಯನ್ನು ಮುರಿಯುವುದಿಲ್ಲ. ಅದಕ್ಕೆ ಎಂದೂ ವಿನಾಯಿತಿಯಿರಲಿ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸಾಲದ, ಅವಮಾನದ ಕತ್ತಲಲ್ಲಿ ಕೆಲವರಿಗೆ ಬದುಕೇ ಬೇಡವೆನಿಸುತ್ತದೆ. ಅದನ್ನು ವೈರಾಗ್ಯವೆಂದು ಯಾರೂ ಭ್ರಮಿಸಬಾರದು. ಸಲ್ಲೇಖನದ ಅತಿಚಾರಗಳಲ್ಲಿಯೇ ಮರಣಾಶಂಸೆ, ಅಂದರೆ ಬೇಗ ಸಾವು ಬರಲೆಂಬ ಬಯಕೆ, ಒಂದು ದೋಷವೆಂದು ಎಣಿಸಲಾಗಿದೆ. ಸಾವನ್ನು ಬಯಸುವ ಮನಸ್ಸು ವ್ರತದ ಮನಸ್ಸಲ್ಲ, ಆರ್ತದ ಮನಸ್ಸು. ಅದಕ್ಕೆ ಬೇಕಾದದ್ದು ಬೆಳಕು, ಜೊತೆ ಮತ್ತು ಚಿಕಿತ್ಸೆ. ಅಂಥ ಯೋಚನೆ ಬಂದರೆ ಬೆಳಗಾಗಲೆಂದು ಕಾಯದೆ ಆಗಲೇ ಮನೆಯವರನ್ನು ಎಬ್ಬಿಸಿ.

ದಾನಗಳಲ್ಲಿ ನಾಲ್ಕನೆಯದು ಅಭಯದಾನ. ಬಲಿಪಶುವನ್ನು ಬಿಡಿಸುವುದಕ್ಕೆ ಮಾತ್ರ ಅದು ಸೀಮಿತವಲ್ಲ. ಭಯದಲ್ಲಿರುವ ಯಾವ ಜೀವಕ್ಕೂ ಅದು ಸಲ್ಲುತ್ತದೆ. ನಮ್ಮ ಮನೆಯಲ್ಲಿಯೇ ಒಬ್ಬರು ರಾತ್ರಿ ಹೊರಳಾಡುತ್ತ, ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಹೋಗುತ್ತಿರಬಹುದು. ಅವರಿಗೆ ಶಾಸ್ತ್ರ ಹೇಳುವ ಮೊದಲು, ‘ಏನಾಗಿದೆ? ಎಷ್ಟು ಸಾಲವಿದೆ? ನಾಳೆ ಇಬ್ಬರೂ ಕುಳಿತು ನೋಡೋಣ’ ಎಂದರೆ ಸಾಕು. ಸಾಲದ ಮೊತ್ತ ಅದರಿಂದ ಇಳಿಯದು. ಆದರೆ ಅದನ್ನು ಒಬ್ಬರೇ ಹೊರುವುದು ತಪ್ಪುತ್ತದೆ. ಬೆಳಗಿನವರೆಗೆ ಅದನ್ನು ಎಲ್ಲೆಯಾಚೆ ಇಟ್ಟು ಮಲಗುವ ಧೈರ್ಯ ಬರುತ್ತದೆ.